ಡ್ರೈಯರ್ ಸದ್ದು ನಿಂತಿತು ಅಂತ ನೆಮ್ಮದಿಯಾಗಿ ಕೂರಬೇಡಿ, ಹಿಂದಿನ ಪೈಪ್ ನೋಡಿ

ಬಟ್ಟೆ ಒಣಗಿಸುವ ಡ್ರೈಯರನ್ನು ಮನೆಯಲ್ಲೇ ಬಿಚ್ಚಿ ಸರಿ ಮಾಡುವ ಯೋಚನೆ ಇರುವವರು ದಯವಿಟ್ಟು ಇದನ್ನು ಪೂರ್ತಿ ಓದಿ. ನಾನು ಮಾಡಿದ ರಿಪೇರಿಯಲ್ಲಿ ತಪ್ಪಿರಲಿಲ್ಲ. ಸದ್ದು ನಿಂತಿತು, ಮಷಿನ್ ಚೆನ್ನಾಗಿ ತಿರುಗಿತು. ದೊಡ್ಡ ತಪ್ಪಾಗಿದ್ದು ಎಲ್ಲ ಮುಗಿದ ಮೇಲೆ, ಮಷಿನ್ನನ್ನು ಗೋಡೆಗೆ ವಾಪಸ್ ತಳ್ಳುವಾಗ. ಆ ಒಂದು ನಿಮಿಷದ ಕೆಲಸದಿಂದ ಎರಡು ತಿಂಗಳ ಕೂಸು ಮಲಗುವ ಕೋಣೆಯ ಪಕ್ಕದಲ್ಲೇ ಬೆಂಕಿ ಹತ್ತುವುದಿತ್ತು. ಸ್ವಲ್ಪದರಲ್ಲಿ ತಪ್ಪಿತು.

ನಾವಿರುವುದು ನ್ಯೂಜೆರ್ಸಿಯಲ್ಲಿ, ಒಂದು ಟೌನ್‌ಹೌಸ್‌ನಲ್ಲಿ. ವಾಷರ್ ಮತ್ತು ಡ್ರೈಯರ್ ಎರಡೂ ಮೇಲಿನ ಮಹಡಿಯಲ್ಲಿವೆ. ಮಡಚುವ ಬಾಗಿಲಿನ ಒಂದು ಚಿಕ್ಕ ಗೂಡು ಅದು. ಅದರ ಗೋಡೆಗೆ ಅಂಟಿಕೊಂಡೇ ನಮ್ಮ ಮಲಗುವ ಕೋಣೆ. ನವೆಂಬರ್‌ನಲ್ಲಿ ಮಗಳು ಹುಟ್ಟಿದಳು. ಬಾಣಂತನಕ್ಕೆ ಅತ್ತೆ ತೀರ್ಥಹಳ್ಳಿ ಕಡೆಯಿಂದ ಬಂದಿದ್ದರು. ಬಾಣಂತಿ ಮನೆ ಅಂದ ಮೇಲೆ ಬಟ್ಟೆಗೆ ಲೆಕ್ಕ ಇರುತ್ತಾ? ದಿನಕ್ಕೆ ಎರಡು ಸಲ, ಕೆಲವೊಮ್ಮೆ ಮೂರು ಸಲ ಡ್ರೈಯರ್ ಓಡುತ್ತಿತ್ತು.

ಹೀಗಿರುವಾಗ ಒಂದು ದಿನ ಅದು ಕೀರಲು ಶುರು ಮಾಡಿತು. ಮೊದಲು ಸಣ್ಣಗೆ, ಎಣ್ಣೆ ಕಾಣದ ಬಾಗಿಲಿನ ತಿರುಗಣೆಯ ಹಾಗೆ ಕಿರ್ ಕಿರ್ ಅಂತ. ನಾಲ್ಕೈದು ದಿನದಲ್ಲಿ ಜೊತೆಗೆ ದಬ್ ದಬ್ ಅಂತ ಬಡಿತ. ಅರ್ಧ ಗಂಟೆ ತೊಟ್ಟಿಲು ತೂಗಿ ಮಲಗಿಸಿದ ಮಗು ಆ ಸದ್ದಿಗೆ ಬೆಚ್ಚಿಬಿದ್ದು ಏಳುತ್ತಿತ್ತು. ನನ್ನ ಹೆಂಡತಿಗೆ ನಿದ್ದೆಯೇ ಇರಲಿಲ್ಲ. ರಿಪೇರಿಯವರಿಗೆ ಫೋನ್ ಮಾಡಿದರೆ ಹತ್ತು ದಿನ ಬಿಟ್ಟು ಬರುತ್ತೇವೆ ಅಂದರು, ಹೇಳಿದ ಹಣವೂ ಜಾಸ್ತಿಯಾಯಿತು. ಸರಿ, ನಾನೇ ಮಾಡೋಣ ಅಂತ ಹೊರಟೆ.

ಮೊದಲ ತಪ್ಪು ಅಲ್ಲೇ ಆಯಿತು. ಯಾವುದೋ ವಿಡಿಯೋದಲ್ಲಿ, ಮೇಲಿನ ಮುಚ್ಚಳ ಎತ್ತಿ ಡ್ರಮ್ ಹಿಂದೆ ಸ್ಪ್ರೇ ಎಣ್ಣೆ ಹೊಡೆದರೆ ಸದ್ದು ಹೋಗುತ್ತದೆ ಅಂತ ತೋರಿಸಿದ್ದರು. ನಾನೂ ಗ್ಯಾರೇಜಿನಲ್ಲಿದ್ದ ಡಬ್ಬಿ ತಂದು, ಡ್ರಮ್ಮಿಗೂ ಹಿಂದಿನ ತಗಡಿಗೂ ನಡುವಿನ ಸಂದಿಯಲ್ಲಿ ಅಂದಾಜಿನ ಮೇಲೆ ಚೆನ್ನಾಗಿ ಹೊಡೆದೆ. ಸದ್ದು ನಿಂತಿತು. ನಾಲ್ಕು ದಿನಕ್ಕೆ ವಾಪಸ್ ಬಂತು, ಮೊದಲಿಗಿಂತ ಜೋರಾಗಿ.

ದಯವಿಟ್ಟು ಈ ಕೆಲಸ ಯಾರೂ ಮಾಡಬೇಡಿ. ಅಂಥ ಸ್ಪ್ರೇ ಎಣ್ಣೆ ಬೆಂಕಿ ಹತ್ತುವ ವಸ್ತು. ಡ್ರಮ್ಮಿನ ಕೆಳಗಿರುವ ಗಾಲಿಯಂಥ ರೋಲರ್‌ನ ಸವೆತವನ್ನು ಅದು ಸರಿ ಮಾಡುವುದಿಲ್ಲ. ಬಟ್ಟೆಯಿಂದ ಉದುರುವ ಹತ್ತಿಯಂಥ ನವಿರು ಧೂಳು, ಇಲ್ಲಿ ಲಿಂಟ್ ಅನ್ನುತ್ತಾರಲ್ಲ, ಅದು ಎಣ್ಣೆ ಬಿದ್ದ ಕಡೆಯೆಲ್ಲ ಅಂಟಿಕೊಳ್ಳುತ್ತದೆ. ಮುಂದೆ ಡ್ರಮ್ ತೆಗೆದಾಗ ನೋಡಿದೆ, ರೋಲರ್ ಕೂರುವ ಕಂಬಿಯ ಸುತ್ತ ಕಾಡಿಗೆಯಂಥ ಕಪ್ಪು ಮೆತ್ತೆ ಕಟ್ಟಿತ್ತು.

ಅಷ್ಟೊತ್ತಿಗೆ ಸದ್ದು ಎಲ್ಲಿಂದ ಅಂತ ಸ್ವಲ್ಪ ಓದಿಕೊಂಡಿದ್ದೆ. ಇದು ನಿಮಗೂ ಉಪಯೋಗಕ್ಕೆ ಬರಬಹುದು. ತಿರುಗುವಾಗ ಒಂದೇ ಲಯದಲ್ಲಿ ದಬ್ ದಬ್ ಅಂದರೆ ಹೆಚ್ಚಾಗಿ ಡ್ರಮ್ ಹೊರುವ ರೋಲರ್ ಸವೆದು ಒಂದು ಕಡೆ ಚಪ್ಪಟೆಯಾಗಿರುತ್ತದೆ. ಎಳೆದು ಕೀರುವ ಸದ್ದಾದರೆ ಬೆಲ್ಟನ್ನು ಬಿಗಿ ಹಿಡಿಯುವ ಸಣ್ಣ ಪುಲ್ಲಿಯ ಮೇಲೆ ಅನುಮಾನಪಡಿ. ಕಟಕಟ ಅಂದರೆ ಗಾಳಿ ದಬ್ಬುವ ಫ್ಯಾನಿನಲ್ಲಿ ನಾಣ್ಯವೋ ಗುಂಡಿಯೋ ಸಿಕ್ಕಿರಬಹುದು. ನಮ್ಮದರಲ್ಲಿ ಮೊದಲ ಎರಡೂ ಇದ್ದವು. ಎರಡು ರೋಲರ್, ಪುಲ್ಲಿ, ಬೆಲ್ಟ್ ಎಲ್ಲ ಸೇರಿದ ಕಿಟ್ 30 ಡಾಲರ್ ಒಳಗೆ ಸಿಕ್ಕಿತು. ಮಷಿನ್ನಿನ ಮಾಡೆಲ್ ನಂಬರ್ ಬಾಗಿಲು ತೆಗೆದರೆ ಒಳಅಂಚಿನಲ್ಲೇ ಅಂಟಿಸಿತ್ತು. ಅದನ್ನು ನೋಡಿಯೇ ತರಿಸಿ, ಅಂದಾಜಿಗೆ ತರಿಸಬೇಡಿ.

ಡಿಸೆಂಬರ್‌ನ ಒಂದು ಶನಿವಾರ ಕೂತೆ. ಇಲ್ಲಿನ ಎಲೆಕ್ಟ್ರಿಕ್ ಡ್ರೈಯರ್‌ಗೆ ಬರುವುದು 240 ವೋಲ್ಟ್, 30 ಆಂಪಿನ ಜೋಡಿ ಬ್ರೇಕರ್. ಮಷಿನ್ ಆಫ್ ಆಗಿದ್ದರೂ ಹೀಟರ್‌ನ ಒಂದು ತಂತಿಯಲ್ಲಿ ಕರೆಂಟ್ ಇರಬಹುದು. ಹಾಗಾಗಿ ಬ್ರೇಕರ್ ಇಳಿಸಿ, ಪ್ಲಗ್ಗನ್ನೂ ಕಿತ್ತೆ. ತಗಡಿನ ಅಂಚು ಕತ್ತಿಯ ಹಾಗಿರುತ್ತದೆ, ಗ್ಲೌಸ್ ಹಾಕಿಕೊಳ್ಳಿ. ಮುಂದಿನ ತಗಡು ಬಿಚ್ಚುವ ಮೊದಲು ಬಾಗಿಲಿನ ಸ್ವಿಚ್ಚಿನ ತಂತಿ ಯಾವುದು ಎಲ್ಲಿತ್ತು ಅಂತ ಫೋಟೋ ತೆಗೆದುಕೊಂಡೆ. ಬೆಲ್ಟ್ ಸಡಿಲಿಸಿ ಡ್ರಮ್ ಹೊರಗೆಳೆದೆ.

ಹಳೆಯ ರೋಲರನ್ನು ಅಂಗೈಯಲ್ಲಿ ಇಟ್ಟು ನೋಡಿದೆ. ಸುತ್ತಲಿನ ರಬ್ಬರ್ ಒಂದು ಕಡೆ ಪೂರ್ತಿ ತಿಂದುಹೋಗಿತ್ತು. ನಡುವಿನ ತೂತು ಉದ್ದುದ್ದ ಆಗಿತ್ತು, ಕಂಬಿಗೆ ಹಾಕಿದರೆ ಲಟಪಟ ಅಲ್ಲಾಡುತ್ತಿತ್ತು. ಹೊಸದನ್ನು ಹಾಕಿದೆ. ಬೆಲ್ಟಿನಲ್ಲಿ ಗೆರೆಗೆರೆ ಇರುವ ಮುಖ ಡ್ರಮ್ಮಿನ ಕಡೆಗೆ ಬರಬೇಕು, ಅದನ್ನೂ ಸರಿಯಾಗಿ ಕೂರಿಸಿದೆ. ತಳದಲ್ಲಿದ್ದ ಲಿಂಟನ್ನೆಲ್ಲ ವ್ಯಾಕ್ಯೂಮ್ ಮಾಡಿದೆ, ಒಂದು ಚಿಕ್ಕ ಕಾಲುಚೀಲವೂ ಸಿಕ್ಕಿತು. ಮುಚ್ಚುವ ಮೊದಲು ಕೈಯಿಂದ ಡ್ರಮ್ ತಿರುಗಿಸಿದೆ. ಬೆಣ್ಣೆಯ ಹಾಗೆ ತಿರುಗಿತು. ಮೂರು ಗಂಟೆಯ ಕೆಲಸ.

ಆಮೇಲೆ ಗೋಡೆಗೆ ತಳ್ಳಿದೆ. ಗೂಡು ಚಿಕ್ಕದು, ಮಷಿನ್ ಸ್ವಲ್ಪ ಮುಂದೆ ಇದ್ದರೂ ಮಡಚುವ ಬಾಗಿಲು ಮುಚ್ಚುವುದಿಲ್ಲ. ಹಾಗಾಗಿ ಮೊಣಕಾಲು ಕೊಟ್ಟು ಒತ್ತಿದೆ. ಏನೋ ಮೆತ್ತಗೆ ತಡೆದಂತಾಯಿತು. ಇನ್ನೂ ಒಮ್ಮೆ ಒತ್ತಿದೆ. ಒಳಗೆ ಹೋಯಿತು. ಬಾಗಿಲು ಮುಚ್ಚಿತು.

ಆ ಮೆತ್ತಗೆ ತಡೆದದ್ದೇ ಬಿಸಿಗಾಳಿ ಹೊರಗೆ ಹೋಗುವ ಪೈಪ್.

ಡ್ರೈಯರ್ ಒಳಗೆ ನಡೆಯುವುದು ಇಷ್ಟೇ. ಕೋಣೆಯ ಗಾಳಿಯನ್ನು ಎಳೆದು, ಹೀಟರ್ ಮೇಲೆ ಹಾಯಿಸಿ, ಬಟ್ಟೆಯ ನಡುವೆ ನುಗ್ಗಿಸಿ, ತೇವ ಹೊತ್ತ ಆ ಗಾಳಿಯನ್ನು 4 ಇಂಚಿನ ಪೈಪಿನಲ್ಲಿ ಮನೆಯ ಹೊರಗೆ ದಬ್ಬುತ್ತದೆ. ಫಿಲ್ಟರ್ ಇದ್ದರೂ ಸ್ವಲ್ಪ ಲಿಂಟ್ ಗಾಳಿಯ ಜೊತೆ ಹೋಗೇ ಹೋಗುತ್ತದೆ. ಗಾಳಿ ಜೋರಾಗಿದ್ದರೆ ಲಿಂಟ್ ಹೊರಗೆ ಹಾರುತ್ತದೆ. ಪೈಪ್ ಮಡಚಿದ್ದರೆ ಆ ಮಡಿಕೆಯಲ್ಲೇ ಕೂರುತ್ತದೆ. ಕೂತಷ್ಟೂ ದಾರಿ ಕಿರಿದು. ದಾರಿ ಕಿರಿದಾದಷ್ಟೂ ಬಿಸಿ ಒಳಗೇ ಉಳಿಯುತ್ತದೆ.

ಸೂಚನೆಗಳು ಇದ್ದವು. ನನಗೆ ಅರ್ಥವಾಗಲಿಲ್ಲ. ಸದ್ದು ನಿಂತಿತ್ತಲ್ಲ, ಮಗು ಮಲಗುತ್ತಿತ್ತಲ್ಲ, ಅದೇ ಸಂತೋಷದಲ್ಲಿದ್ದೆ. 45 ನಿಮಿಷಕ್ಕೆ ಒಣಗುತ್ತಿದ್ದ ಬಟ್ಟೆಗೆ ಗಂಟೆ ಮೇಲಾಗತೊಡಗಿತು. ಚಳಿಗಾಲ ಅಲ್ವಾ ಅಂದುಕೊಂಡು ಇನ್ನೊಂದು ಸಲ ಬಟನ್ ಒತ್ತುತ್ತಿದ್ದೆವು. ಮಷಿನ್ನಿನ ಮೇಲೆ ಕೈ ಇಟ್ಟರೆ ಇಟ್ಟುಕೊಳ್ಳಲಾಗದಷ್ಟು ಬಿಸಿ. ಗೂಡಿನ ಬಾಗಿಲು ತೆಗೆದರೆ ಸ್ನಾನದ ಮನೆಯ ಹಾಗೆ ಹಬೆ. ಕಿಟಕಿಯ ಗಾಜಿನಲ್ಲಿ ನೀರು. ಅಷ್ಟು ಬಿಸಿಯಾದರೂ ಮಷಿನ್ ಯಾಕೆ ನಿಲ್ಲಲಿಲ್ಲ ಅಂತ ನೀವು ಕೇಳಬಹುದು. ಒಳಗೆ ಒಂದು ಥರ್ಮೋಸ್ಟಾಟ್ ಇದೆ, ಬಿಸಿ ಮಿತಿ ಮೀರಿದರೆ ಹೀಟರ್ ಆರಿಸುತ್ತದೆ, ತಣ್ಣಗಾದರೆ ಮತ್ತೆ ಹಚ್ಚುತ್ತದೆ. ಆರುತ್ತಾ ಹತ್ತುತ್ತಾ ಇದ್ದದ್ದರಿಂದಲೇ ಬಟ್ಟೆ ಒಣಗುವುದು ತಡವಾಗುತ್ತಿತ್ತು. ಅದು ನಮ್ಮನ್ನು ಕಾಯುತ್ತಿತ್ತು. ನಾವು ಮತ್ತೆ ಮತ್ತೆ ಬಟನ್ ಒತ್ತುತ್ತಿದ್ದೆವು.

ಜನವರಿಯ ಒಂದು ಭಾನುವಾರ ಮಧ್ಯಾಹ್ನ. ಅತ್ತೆ ಮಗುವಿಗೆ ಎಣ್ಣೆ ಹಚ್ಚಿ ನೀರು ಹಾಕಿ, ಲೋಬಾನ ಹಾಕಿ ಮಲಗಿಸಿದ್ದರು. ನಾನು ಕೆಳಗಿದ್ದೆ. ಮೇಲಿನಿಂದ ಅವರ ದನಿ ಕೇಳಿತು: "ಪುಟ್ಟೀ, ಏನೋ ಸೀದ ವಾಸನೆ ಬರ್ತಿದೆ ಕಣೆ. ಅವರನ್ನ ಕರಿ."

ನನ್ನ ಹೆಂಡತಿ ಲೋಬಾನದ ಹೊಗೆ ಇರಬೇಕಮ್ಮ ಅಂದಳು. ಅತ್ತೆ ಒಪ್ಪಲಿಲ್ಲ. ಮಲೆನಾಡಿನ ಮಳೆಗಾಲದಲ್ಲಿ ಬಚ್ಚಲೊಲೆಯ ಮೇಲೆ ಗಳು ಕಟ್ಟಿ ಬಟ್ಟೆ ಒಣಗಿಸಿದವರು ಅವರು. ಹಂಡೆ ಒಲೆಯ ಬಿಸಿಗೆ ಒಂದು ಪಂಚೆ ಅಂಚು ಕಂದಿದರೂ ಅಡುಗೆ ಮನೆಯಲ್ಲಿ ಕೂತು ಗೊತ್ತಾಗುವಷ್ಟು ಆ ವಾಸನೆ ಅವರಿಗೆ ಪರಿಚಯ. "ಇದು ಲೋಬಾನ ಅಲ್ಲ, ಬಟ್ಟೆ ಸೀಯೋ ವಾಸನೆ" ಅಂದರು. ಮೂಸುತ್ತಾ ಬಂದು ಗೂಡಿನ ಮುಂದೆ ನಿಂತರು.

ನಾನು ಓಡಿಹೋಗಿ ಬ್ರೇಕರ್ ಇಳಿಸಿದೆ. ಹೆಂಡತಿ ಮಗುವನ್ನು ಎತ್ತಿಕೊಂಡು ಕೆಳಗೆ ಬಂದಳು. ಬಾಗಿಲು ತೆಗೆಯದೆ ಕಾದೆ. ಹೊಗೆ ಇಲ್ಲ ಅಂತ ಖಾತ್ರಿಯಾದ ಮೇಲೆ ಮಷಿನ್ ಮುಂದಕ್ಕೆ ಎಳೆದೆ. ಈಗ ಯೋಚಿಸಿದರೆ ಅದೂ ಸರಿಯಲ್ಲ. ಹೊಗೆ ಕಂಡಿದ್ದರೆ ಏನನ್ನೂ ಮುಟ್ಟದೆ ಎಲ್ಲರೂ ಮನೆಯಿಂದ ಹೊರಗೆ ಹೋಗಿ ಇಲ್ಲಿನ ತುರ್ತು ನಂಬರ್ 911ಕ್ಕೆ ಫೋನ್ ಮಾಡಬೇಕು. ವಾಸನೆ ಮಾತ್ರ ಬಂದರೂ ಅಗ್ನಿಶಾಮಕದವರನ್ನು ಕರೆಯುವುದರಲ್ಲಿ ಸಂಕೋಚ ಬೇಡ.

ಹಿಂದೆ ಕಂಡದ್ದನ್ನು ಮರೆಯಲಾರೆ. ಬೆಳ್ಳಿ ಬಣ್ಣದ ಹಾಳೆಯಂಥ ಪೈಪ್ ಲಟ್ಟಿಸಿದ ಚಪಾತಿಯ ಹಾಗೆ ಗೋಡೆಗೆ ಒತ್ತಿಕೊಂಡಿತ್ತು. ಒಂದು ತುದಿ ಕ್ಲಾಂಪಿನಿಂದ ಅರ್ಧ ಜಾರಿತ್ತು. ಗೋಡೆ, ನೆಲ, ಪ್ಲಗ್ಗು, ಎಲ್ಲದರ ಮೇಲೂ ಬೂದು ಬಣ್ಣದ ಲಿಂಟ್. ಪೈಪ್ ಕತ್ತರಿಸಿ ನೋಡಿದರೆ ಮಡಿಕೆಯಲ್ಲಿ ಮುಷ್ಟಿ ಗಾತ್ರದ ಉಂಡೆ. ಮರುದಿನ ಬಂದ ಮೆಕ್ಯಾನಿಕ್ ಹಿಂದಿನ ತಗಡು ಬಿಚ್ಚಿದರು. ನಾನು ಹೊಡೆದ ಎಣ್ಣೆ ಇಳಿದ ಜಾಡಿನಲ್ಲಿ ಲಿಂಟ್ ಅಂಟಿಕೊಂಡಿತ್ತು. ಹೀಟರ್ ಹತ್ತಿರದ ಭಾಗ ಕಂದು ಬಣ್ಣಕ್ಕೆ ತಿರುಗಿತ್ತು, ಮುಟ್ಟಿದರೆ ಪುಡಿಯಾಗುತ್ತಿತ್ತು. ಸೀದದ್ದು ಅದೇ.

ಅತ್ತೆ ಒಂದು ಚಿಟಿಕೆ ಲಿಂಟ್ ತೆಗೆದು ಬೆರಳಲ್ಲಿ ಹೊಸೆದರು. ಅವರು ಇಲ್ಲಿಗೆ ಬಂದ ಮೇಲೂ ಬಿಡುವಾದಾಗ ಹತ್ತಿ ಹಿಡಿದು ದೀಪಕ್ಕೆ ಬತ್ತಿ ಹೊಸೆಯುತ್ತಿದ್ದರು. "ಇದು ಹತ್ತಿನೇ ಅಲ್ವಾ? ಅದಕ್ಕೆ ಎಣ್ಣೆ ಬೇರೆ ಬಿದ್ದಿದೆ. ಬತ್ತಿ ಮಾಡಿ ಇಟ್ಟ ಹಾಗೇ ಆಯ್ತಲ್ಲ" ಅಂದರು. ನಾನು ಅಷ್ಟು ದಿನ ಓದಿದ ಯಾವುದರಿಂದಲೂ ವಿಷಯ ಇಷ್ಟು ಸರಿಯಾಗಿ ತಲೆಗೆ ಹೋಗಿರಲಿಲ್ಲ.

ಇದು ನಮ್ಮ ಮನೆಯೊಂದರ ಕತೆ ಅಲ್ಲ. ಅಮೆರಿಕದ ಅಗ್ನಿಶಾಮಕ ಆಡಳಿತ 2008ರಿಂದ 2010ರವರೆಗಿನ ಲೆಕ್ಕ ತೆಗೆದಾಗ, ಮನೆಗಳಲ್ಲಿ ಡ್ರೈಯರ್‌ನಿಂದ ವರ್ಷಕ್ಕೆ ಸುಮಾರು 2,900 ಬೆಂಕಿ ಅವಘಡ, 5 ಸಾವು, 100 ಜನರಿಗೆ ಗಾಯ ಅಂತ ಅಂದಾಜು ಮಾಡಿತ್ತು. ಮುಖ್ಯ ಕಾರಣ ಸ್ವಚ್ಛ ಮಾಡದೇ ಇರುವುದು, 34 ಪರ್ಸೆಂಟ್. ಅತಿ ಜಾಸ್ತಿ ಆಗಿದ್ದು ಜನವರಿಯಲ್ಲಿ.

ಈಗ ನಾವು ಏನು ಮಾಡಿದ್ದೇವೆ ಹೇಳುತ್ತೇನೆ. ಹಾಳೆಯಂಥ ಪೈಪ್ ತೆಗೆದು ಬಿಸಾಕಿದೆವು. ಜಾಗ ಕಡಿಮೆ ಇರುವ ಕಡೆಗೆ ಅಂತಲೇ ಚಪ್ಪಟೆ ಪೆಟ್ಟಿಗೆಯ ಹಾಗಿರುವ ಗಟ್ಟಿ ಲೋಹದ ಪೈಪ್ ಸಿಗುತ್ತದೆ, ಪೆರಿಸ್ಕೋಪ್ ವೆಂಟ್ ಅಂತ ಕೇಳಿ. ತಳ್ಳಿದರೂ ಅದು ಜಜ್ಜಿಹೋಗುವುದಿಲ್ಲ. ನಿಮ್ಮಲ್ಲಿ ಬಿಳಿ ಪ್ಲಾಸ್ಟಿಕ್ ಪೈಪ್ ಇದ್ದರೆ ಇವತ್ತೇ ತೆಗೆಸಿ, ಡ್ರೈಯರ್‌ಗೆ ಅದು ಕೂಡದು. ಪೈಪ್ ಜೋಡಿಸಲು ಒಳಗೆ ಚಾಚುವ ಸ್ಕ್ರೂ ಹಾಕಬೇಡಿ, ಸ್ಕ್ರೂ ತುದಿಗೆ ಲಿಂಟ್ ಸಿಕ್ಕಿಕೊಳ್ಳುತ್ತದೆ. ಕ್ಲಾಂಪ್ ಮತ್ತು ಲೋಹದ ಹಾಳೆಯ ಟೇಪ್ ಸಾಕು. ಹೊರಗಿನ ಬಾಯಿಗೆ ಹಕ್ಕಿ ಬರಬಾರದು ಅಂತ ಜಾಲರಿ ಹಾಕುವವರಿದ್ದಾರೆ, ಅದೂ ತಪ್ಪು.

ಗ್ಯಾಸ್ ಡ್ರೈಯರ್ ಇರುವವರಿಗೆ ನನ್ನ ಮಾತು ಒಂದೇ. ನೀವೇ ಎಳೆಯಬೇಡಿ. ಹಿಂದೆ ಗ್ಯಾಸ್ ಪೈಪ್ ಇರುತ್ತದೆ, ಜೊತೆಗೆ ಹೊಗೆ ಪೈಪ್ ಕಳಚಿದರೆ ಕಾರ್ಬನ್ ಮೊನಾಕ್ಸೈಡ್ ಅನ್ನುವ ವಿಷಗಾಳಿ ಮನೆಯೊಳಗೇ ಸೇರುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯೂ ಇಲ್ಲ, ನಮ್ಮತ್ತೆಯಂಥವರಿಗೂ ಗೊತ್ತಾಗುವುದಿಲ್ಲ. ಬಾಡಿಗೆ ಮನೆಯವರು ಸುಮ್ನೆ ಮೇಂಟೆನೆನ್ಸ್‌ನವರಿಗೆ ಬರೆದು ಹಾಕಿ.

ರಿಪೇರಿ ನೀವೇ ಮಾಡಿದಿರಿ ಅಂತಿಟ್ಟುಕೊಳ್ಳಿ, ಪೈಪ್ ಸರಿಯಿದೆಯಾ ಅಂತ ನೋಡಲು ಸುಲಭ ದಾರಿ ಇದೆ. ಮಷಿನ್ ಓಡುವಾಗ ಮನೆಯ ಹೊರಗೆ ಹೋಗಿ, ಗೋಡೆಯಲ್ಲಿರುವ ಮುಚ್ಚಳ ನೋಡಿ. ಅದು ಪೂರ್ತಿ ತೆರೆದಿರಬೇಕು. ಕೈ ಒಡ್ಡಿದರೆ ಬೆಚ್ಚಗಿನ ಗಾಳಿ ಜೋರಾಗಿ ಬಡಿಯಬೇಕು. ಡಿಸೆಂಬರ್‌ನ ಆ ಶನಿವಾರ ಇದನ್ನು ನನಗೆ ಯಾರಾದರೂ ಹೇಳಿದ್ದರೆ ಚಳಿಯಲ್ಲಿ ಎರಡು ನಿಮಿಷ ನಿಂತು ನೋಡಿ ಬರುತ್ತಿದ್ದೆ.

ಇನ್ನೊಂದು ವಿಷಯ, ನಮ್ಮವರ ಮನೆಗಳಲ್ಲಿ ಮಾತ್ರ ಇರುವಂಥದ್ದು. ಎಣ್ಣೆ ನೀರಿನ ಟವೆಲ್. ಡ್ರೈಯರ್‌ನ ಕೈಪಿಡಿ ತೆಗೆದು ನೋಡಿ, ಅಡುಗೆ ಎಣ್ಣೆ ಹತ್ತಿದ ಬಟ್ಟೆ ಹಾಕಬೇಡಿ ಅಂತ ಬರೆದಿರುತ್ತದೆ. ಒಗೆದರೂ ಎಣ್ಣೆ ಪೂರ್ತಿ ಹೋಗುವುದಿಲ್ಲ. ಉಳಿದ ಎಣ್ಣೆ ಬಿಸಿಗೆ ತಾನೇ ಕಾಯುತ್ತಾ ಹೋಗಿ, ಬಟ್ಟೆ ಮಡಚಿಟ್ಟ ಮೇಲೂ ಹತ್ತಿಕೊಳ್ಳಬಹುದು. ನಾವು ಎರಡು ತಿಂಗಳು ಬಾಣಂತಿಯ ಟವೆಲ್, ಮಗುವಿನ ಎಣ್ಣೆ ಬಟ್ಟೆ ಎಲ್ಲವನ್ನೂ ಅದರಲ್ಲೇ ಒಣಗಿಸಿದ್ದೆವು.

ಈಗ ಸ್ನಾನದ ಮನೆಯ ಪರದೆ ಕಂಬಿಯ ಪಕ್ಕ ಅತ್ತೆ ಒಂದು ಹಗ್ಗ ಕಟ್ಟಿಸಿದ್ದಾರೆ. ಎಣ್ಣೆ ಬಟ್ಟೆಗಳೆಲ್ಲ ಅಲ್ಲೇ ಒಣಗುತ್ತವೆ, ಒಂದು ದಿನ ಹೆಚ್ಚು ಹಿಡಿದರೂ.