ಮೇನ್ ಸ್ಟ್ರೀಟ್ ವಿಧಾನದ ವಿಮರ್ಶೆ: ರೈಲು ನಿಲ್ದಾಣವಿರುವ ಸಣ್ಣ ಊರಿಗೆ ಇದು ಎಷ್ಟು ಒದಗುತ್ತದೆ?

ಅಮೆರಿಕದ ಸಣ್ಣ ಪಟ್ಟಣಗಳ ಹಳೆಯ ಪೇಟೆಬೀದಿಗಳು ಒಂದೊಂದಾಗಿ ಬಾಗಿಲು ಹಾಕುತ್ತಿದ್ದ ಕಾಲದಲ್ಲಿ, ಪಾರಂಪರಿಕ ಕಟ್ಟಡಗಳನ್ನು ಉಳಿಸುವ ಅಲ್ಲಿನ ನ್ಯಾಷನಲ್ ಟ್ರಸ್ಟ್ ಫಾರ್ ಹಿಸ್ಟಾರಿಕ್ ಪ್ರಿಸರ್ವೇಷನ್ ಸಂಸ್ಥೆ ಆ ಬೀದಿಗಳಿಗೆ ಮತ್ತೆ ಜೀವ ತುಂಬುವ ಒಂದು ಪ್ರಯೋಗವನ್ನು 1977ರಲ್ಲಿ ಮೂರು ಊರುಗಳಲ್ಲಿ ಶುರುಮಾಡಿತು: ಇಲಿನಾಯ್ ರಾಜ್ಯದ ಗೇಲ್ಸ್‌ಬರ್ಗ್, ಇಂಡಿಯಾನಾದ ಮ್ಯಾಡಿಸನ್, ಸೌತ್ ಡಕೋಟಾದ ಹಾಟ್ ಸ್ಪ್ರಿಂಗ್ಸ್. ಮೇರಿ ಮೀನ್ಸ್ ಮುಂದಾಳತ್ವದ ಆ ಪ್ರಯೋಗದಿಂದ 1980ರಲ್ಲಿ ನ್ಯಾಷನಲ್ ಮೇನ್ ಸ್ಟ್ರೀಟ್ ಸೆಂಟರ್ ಹುಟ್ಟಿತು. ಈಗ ಅದು ಮೇನ್ ಸ್ಟ್ರೀಟ್ ಅಮೆರಿಕ ಎಂಬ ಹೆಸರಿನಲ್ಲಿ ಊರುಗಳಿಗೆ ತರಬೇತಿ, ಸಲಹೆ, ಮಾನ್ಯತೆ ಕೊಡುತ್ತದೆ. ಗೇಲ್ಸ್‌ಬರ್ಗ್ ಅಪ್ಪಟ ರೈಲ್ವೆ ಪಟ್ಟಣ. ಹಾಗಿದ್ದರೂ ಈ ವಿಧಾನದ ನಾಲ್ಕು ಅಂಶಗಳಾದ ಸಂಘಟನೆ, ಪ್ರಚಾರ, ವಿನ್ಯಾಸ ಮತ್ತು ಆರ್ಥಿಕ ಚೈತನ್ಯದಲ್ಲಿ ನಿಲ್ದಾಣಕ್ಕೆಂದೇ ಒಂದು ಜಾಗವಿಲ್ಲ. ಅಂಗಡಿ ಮತ್ತು ಕಟ್ಟಡದ ವಿಷಯದಲ್ಲಿ ಇದಕ್ಕಿಂತ ಒಳ್ಳೆಯ ದಾರಿ ಸಿಗುವುದು ಕಷ್ಟ. ನಿಲ್ದಾಣದ ಬಾಗಿಲಿನಿಂದ ಮೊದಲ ಅಂಗಡಿಯ ತನಕದ ಕೆಲಸವನ್ನು ಮಾತ್ರ ಊರಿನವರೇ ಸೇರಿಸಿಕೊಳ್ಳಬೇಕು.

ಸಂಘಟನೆಯ ಭಾಗಕ್ಕೆ ನಮ್ಮ ಪೂರ್ಣ ಅಂಕ. ಸಂಬಳ ಕೊಟ್ಟು ಒಬ್ಬ ವ್ಯವಸ್ಥಾಪಕರನ್ನು ಇಟ್ಟುಕೊಳ್ಳಿ, ಅವರ ಸುತ್ತ ಸ್ವಯಂಸೇವಕರ ಸಮಿತಿಗಳಿರಲಿ ಎಂಬುದು ಇದರ ಮೂಲ ಸೂತ್ರ. ಸಂಬಳ ಉಳಿಸಲು ಹೋಗಿ ಬರೀ ಸ್ವಯಂಸೇವಕರನ್ನು ನೆಚ್ಚಿಕೊಂಡ ಕಡೆ, ಮಾಲೀಕರಿಗೆ ಪತ್ರ ಬರೆಯುವುದು, ಖಾಲಿ ಅಂಗಡಿಗಳ ಪಟ್ಟಿ ತಿದ್ದುವುದು, ಅನುದಾನದ ಅರ್ಜಿ ಹಾಕುವುದು ಮುಂತಾದ ಬೇಸರದ ಕೆಲಸಗಳು ಮೊದಲು ನಿಂತುಹೋಗುತ್ತವೆ. ಬೀದಿ ಬದಲಾಗುವುದು ಆ ಕೆಲಸಗಳಿಂದಲೇ.

ಬೀದಿಜಾತ್ರೆಗಳಿಂದ ಜನರನ್ನು ಸೆಳೆಯುವ ಪ್ರಚಾರಕ್ಕೆ ಅಷ್ಟು ಅಂಕ ಕೊಡಲಾರೆವು. ಜಾತ್ರೆಯ ದಿನ ಜನ ತುಂಬಿದ್ದರೂ ಅಂಗಡಿಯ ಗಲ್ಲಾ ಖಾಲಿಯಿರುವುದು ಸಾಮಾನ್ಯ ದೂರು. ಕಾರಣ ಸರಳ: ಜಾತ್ರೆಯ ತಾತ್ಕಾಲಿಕ ಮಳಿಗೆಗಳನ್ನು ಫುಟ್‌ಪಾತ್ ಅಂಚಿಗೆ ಸಾಲಾಗಿ ನಿಲ್ಲಿಸಿದರೆ ಅವುಗಳ ಬೆನ್ನು ಅಂಗಡಿಯ ಬಾಗಿಲಿಗೆ ಅಡ್ಡವಾಗುತ್ತದೆ. ರಸ್ತೆಯ ನಡುವೆ ಬೆನ್ನಿಗೆ ಬೆನ್ನು ಹಚ್ಚಿ ನಿಲ್ಲಿಸಿ, ತಿಂಡಿಯ ಮಳಿಗೆಗಳನ್ನು ನಿಲ್ದಾಣದಿಂದ ದೂರದ ತುದಿಯಲ್ಲಿಡಬೇಕು. ರೈಲಿಳಿದವರು ಆಗ ಇಡೀ ಬೀದಿಯುದ್ದಕ್ಕೂ ನಡೆದು ಹೋಗುತ್ತಾರೆ.

ಈ ವಿಧಾನದ ನಿಜವಾದ ಬಲ ವಿನ್ಯಾಸದಲ್ಲಿದೆ, ಅದರಲ್ಲೂ ಹಳೆಯ ಇಟ್ಟಿಗೆ ಕಟ್ಟಡಗಳ ಆರೈಕೆಯಲ್ಲಿ. ಇಪ್ಪತ್ತನೇ ಶತಮಾನದ ನಡುಭಾಗದಲ್ಲಿ ಎಷ್ಟೋ ಕಟ್ಟಡಗಳ ಮುಖಕ್ಕೆ ಅಲ್ಯುಮಿನಿಯಂ ಹೊದಿಕೆ ಬಡಿದಿದ್ದಾರೆ. ಅದನ್ನು ಒಂದೇ ಸಲ ಕಿತ್ತುಹಾಕಬಾರದು. ಮೊದಲು ಒಂದು ಮೂಲೆಯ ಫಲಕ ಬಿಚ್ಚಿ, ಹಿಂದೆ ಕಿಟಕಿಗಳಿವೆಯೇ, ಮೇಲಿನ ಕಾರ್ನಿಸ್ (ಗೋಡೆಯ ತುದಿಯ ಚಾಚುಪಟ್ಟಿ) ಕಡಿದುಹಾಕಿದ್ದಾರೆಯೇ, ಬೋಲ್ಟ್ ಹೊಡೆದ ತೂತುಗಳಿಂದ ನೀರು ಇಳಿದಿದೆಯೇ ನೋಡಿ, ಆಮೇಲೆ ಖರ್ಚಿನ ಅಂದಾಜು ಹಾಕಬೇಕು. ಇಟ್ಟಿಗೆಯ ಬಣ್ಣ ತೆಗೆಯಲು ಮರಳು ಚಿಮ್ಮಿಸುವವರು ಸಿಕ್ಕರೆ ತಡೆಯಿರಿ. ಸುಟ್ಟ ಇಟ್ಟಿಗೆಯ ಹೊರಪದರವೇ ಅದರ ರಕ್ಷಣೆ. ಅದು ಹೋದ ಮೇಲೆ ಇಟ್ಟಿಗೆ ನೀರು ಕುಡಿಯುತ್ತದೆ, ಚಳಿಗಾಲದಲ್ಲಿ ಆ ನೀರು ಹೆಪ್ಪುಗಟ್ಟಿ ಮುಖ ಸಿಪ್ಪೆಯೆದ್ದು ಬೀಳುತ್ತದೆ.

ಸಂದುಗಳ ಗಾರೆಯದೂ ಇದೇ ಕಥೆ. ಹಳೆಯ ಮೆತ್ತನೆ ಇಟ್ಟಿಗೆಗೆ ಗಟ್ಟಿ ಸಿಮೆಂಟ್ ತುಂಬಿದರೆ, ಗೋಡೆ ಹಿಗ್ಗಿ ಕುಗ್ಗುವಾಗ ಗಾರೆ ಬಗ್ಗದೆ ಇಟ್ಟಿಗೆಯ ಅಂಚೇ ಒಡೆಯುತ್ತದೆ. ಗಾರೆ ಯಾವಾಗಲೂ ಇಟ್ಟಿಗೆಗಿಂತ ಮೆತ್ತಗಿರಬೇಕು, ಅಂದರೆ ಸುಣ್ಣ ಹೆಚ್ಚಿರುವ ಮಿಶ್ರಣ. ಸಂದಿನ ಅಗಲದ ಎರಡರಿಂದ ಎರಡೂವರೆ ಪಟ್ಟು ಆಳಕ್ಕೆ ಹಳೆಯದನ್ನು ಕೆರೆದು ತೆಗೆಯಬೇಕು: 10 ಮಿ.ಮೀ. ಸಂದಿಗೆ 20ರಿಂದ 25 ಮಿ.ಮೀ. ಇಟ್ಟಿಗೆಗಳ ನಡುವಿನ ಲಂಬ ಸಂದು ಚಿಕ್ಕದು, ಅಲ್ಲಿ ಗ್ರೈಂಡರ್ ಹಾಕಿದರೆ ಬ್ಲೇಡು ಮೇಲಿನ ಕೆಳಗಿನ ಇಟ್ಟಿಗೆಗೂ ಕಚ್ಚುತ್ತದೆ. ಉಳಿಯೇ ಸರಿ. ಕೆಲಸ ನಿಧಾನವಾಗುತ್ತದೆ, ಕೂಲಿ ಏರುತ್ತದೆ, ಆದರೆ ಗೋಡೆ ಉಳಿಯುತ್ತದೆ.

ದುಡ್ಡಿನ ವಿಷಯದಲ್ಲಿ ದೊಡ್ಡ ಆಸರೆ ಎಂದರೆ ದುರಸ್ತಿ ಖರ್ಚಿನ 20%ರಷ್ಟನ್ನು ತೆರಿಗೆಯಲ್ಲಿ ಬಿಡುವ ಅಮೆರಿಕದ ಕೇಂದ್ರ ಸರ್ಕಾರದ ರಿಯಾಯಿತಿ. ಮಾನ್ಯತೆ ಪಡೆದ ಪಾರಂಪರಿಕ ಕಟ್ಟಡವಾಗಿರಬೇಕು, ಆದಾಯ ತರುವಂಥದ್ದಾಗಿರಬೇಕು. ಈಗಿನ ನಿಯಮದಂತೆ ರಿಯಾಯಿತಿ ಐದು ವರ್ಷಗಳಲ್ಲಿ ಹಂಚಿ ಸಿಗುತ್ತದೆ. ಸಣ್ಣ ಮಾಲೀಕರು ಎಡವುವುದು ಕನಿಷ್ಠ ಖರ್ಚಿನ ಷರತ್ತಿನಲ್ಲಿ. ಸಾಮಾನ್ಯವಾಗಿ 24 ತಿಂಗಳೊಳಗಿನ ಖರ್ಚು 5,000 ಡಾಲರ್ ಅಥವಾ ಕಟ್ಟಡದ ಲೆಕ್ಕದ ಬೆಲೆ, ಎರಡರಲ್ಲಿ ಯಾವುದು ದೊಡ್ಡದೋ ಅದನ್ನು ಮೀರಬೇಕು. ಉದಾಹರಣೆಗೆ 80,000 ಡಾಲರಿಗೆ ಕೊಂಡದ್ದರಲ್ಲಿ ನೆಲದ ಬೆಲೆ 20,000 ಎಂದಿಟ್ಟುಕೊಳ್ಳಿ. ಸವಕಳಿ ಕಳೆಯದಿದ್ದರೆ ಕಟ್ಟಡದ ಲೆಕ್ಕದ ಬೆಲೆ 60,000, ಖರ್ಚು ಅದನ್ನು ಮೀರಬೇಕು. ಮುಂಗಟ್ಟಿಗೆ ಬಣ್ಣ ಬಳಿದು ಬೋರ್ಡು ಬದಲಿಸಿದ ಮಾತ್ರಕ್ಕೆ ಇದು ದಕ್ಕುವುದಿಲ್ಲ. ಮಾಡಲಿರುವ ಕೆಲಸವನ್ನು ವಿವರಿಸುವ ಅರ್ಜಿಯ ಎರಡನೇ ಭಾಗಕ್ಕೆ ಒಪ್ಪಿಗೆ ಬರುವ ಮುಂಚೆ ಕಿಟಕಿ ಬದಲಿಸಿಬಿಟ್ಟರೆ ಇಡೀ ಅರ್ಜಿಯೇ ಬಿದ್ದುಹೋಗಬಹುದು.

ಆರ್ಥಿಕ ಚೈತನ್ಯದ ಭಾಗದಲ್ಲಿ ಮೇಲ್ಮಹಡಿಗಳನ್ನು ಮನೆ ಮಾಡಿ ಎಂದು ಹೇಳುತ್ತಾರೆ. ಸರಿಯಾದ ಮಾತು: ರಾತ್ರಿ ಎಂಟಕ್ಕೆ ಬೀದಿಯಲ್ಲಿ ಜನ ಬೇಕೆಂದರೆ ಅಲ್ಲೇ ವಾಸಿಸುವವರಿರಬೇಕು. ಆದರೆ ಕೆಲಸಗಳ ಸರದಿ ತಪ್ಪಿದರೆ ಎಷ್ಟು ದುಬಾರಿ ಎಂಬುದನ್ನು ಇನ್ನೂ ಗಟ್ಟಿಯಾಗಿ ಹೇಳಬೇಕಿತ್ತು. ಅಂಗಡಿಯ ಮೇಲೆ ಮನೆಗಳು ಬಂದರೆ ನಡುವೆ ಬೆಂಕಿ ತಡೆಯುವ ಛಾವಣಿ, ಬಹಳ ಕಡೆ ಎರಡನೇ ಮೆಟ್ಟಿಲು, ಜೊತೆಗೆ ಬೆಂಕಿ ಬಿದ್ದಾಗ ತಾನಾಗಿ ನೀರು ಚಿಮ್ಮಿಸುವ ಸ್ಪ್ರಿಂಕ್ಲರ್ ಬೇಕಾಗುತ್ತದೆ. ಹಳೆಯ ಅಂಗಡಿಗೆ ಬರುವ ನೀರಿನ ಕೊಳವೆ ಮುಕ್ಕಾಲು ಇಲ್ಲವೇ ಒಂದಿಂಚಿನದು. ಸ್ಪ್ರಿಂಕ್ಲರಿಗೆ ಅದು ಸಾಲದು, ರಸ್ತೆಯಡಿಯ ಮುಖ್ಯ ಕೊಳವೆಯಿಂದಲೇ ದಪ್ಪನೆಯ ಪ್ರತ್ಯೇಕ ಕೊಳವೆ ಎಳೆಯಬೇಕು. ಪುರಸಭೆ ಹೊಸ ಕಲ್ಲು ಹಾಸಿ, ದೀಪ ನೆಟ್ಟು, ಉದ್ಘಾಟನೆ ಮುಗಿಸಿದ ಮೇಲೆ ಇದು ನೆನಪಾದರೆ ಹಾಸಿದ್ದನ್ನೇ ಅಗೆಯಬೇಕು. ಆ ಖರ್ಚಿಗೆ ಹೆದರಿ ಮಾಲೀಕರು ಮಹಡಿಗೆ ಬೀಗ ಹಾಕಿ ಸುಮ್ಮನಾಗುತ್ತಾರೆ. ರಸ್ತೆ ಅಗೆದಿರುವಾಗಲೇ ಪ್ರತಿ ಕಟ್ಟಡದ ಗಡಿಯವರೆಗೆ ಒಂದೊಂದು ಕೊಳವೆ ತಂದು ಮುಚ್ಚಳ ಹಾಕಿಬಿಡುವುದು ಪುರಸಭೆ ಮಾಡಬಹುದಾದ ಅತ್ಯಂತ ಲಾಭದ ಕೆಲಸ.

ಇನ್ನು ನಿಲ್ದಾಣ. ಮನುಷ್ಯ ನಿಮಿಷಕ್ಕೆ ಸುಮಾರು 80 ಮೀಟರ್ ನಡೆಯುತ್ತಾನೆ, ಐದು ನಿಮಿಷಕ್ಕೆ 400. ಈ 400 ಮೀಟರಿನಲ್ಲಿ ಮೊದಲ 100 ಬರೀ ಕಾರು ನಿಲ್ಲಿಸುವ ಬಯಲೋ ಕಿಟಕಿಯಿಲ್ಲದ ಗೋಡೆಯೋ ಆಗಿದ್ದರೆ, ರೈಲಿಳಿದವರಿಗೆ ಅಲ್ಲೊಂದು ಪೇಟೆಯಿದೆ ಎಂಬುದೇ ಕಾಣುವುದಿಲ್ಲ. ದಿನವೂ ಕೆಲಸಕ್ಕೆ ರೈಲಿನಲ್ಲಿ ಓಡಾಡುವವರ ಊರಾದರೆ, ಅವರು ಬೀದಿಯ ಯಾವ ಬದಿಯಲ್ಲಿ ನಡೆಯುತ್ತಾರೆಂದು ಬಾಡಿಗೆಗೆ ಕೊಡುವ ಮುನ್ನ ಎಣಿಸಬೇಕು. ಬೆಳಗ್ಗೆ ನಿಲ್ದಾಣದ ಕಡೆ ಹೋಗುವ ಬದಿಯಲ್ಲಿ ಕಾಫಿ ನಡೆಯುತ್ತದೆ. ದಿನಸಿ, ಬೇಕರಿ, ಔಷಧಿ ಅಂಗಡಿಗಳು ಸಂಜೆ ಮನೆಗೆ ಮರಳುವ ಬದಿಯಲ್ಲಿರಬೇಕು. ಕೊನೆಯ ಜನಭರಿತ ರೈಲು ಆರೂವರೆಗೆ ಬರುವಾಗ ಅಂಗಡಿಗಳು ಐದಕ್ಕೇ ಬಾಗಿಲೆಳೆದರೆ ಎಷ್ಟು ಚಂದದ ಮುಂಗಟ್ಟೂ ಉಪಯೋಗಕ್ಕಿಲ್ಲ.

ರೈಲುಗಳೇ ಕಡಿಮೆಯಿರುವ ಊರಿಗೆ ಮಿಸಿಸಿಪ್ಪಿಯ ಮೆರಿಡಿಯನ್ ಒಳ್ಳೆಯ ಮಾದರಿ. ನ್ಯೂಯಾರ್ಕ್ ಮತ್ತು ನ್ಯೂ ಆರ್ಲಿಯನ್ಸ್ ನಡುವಿನ ಕ್ರೆಸೆಂಟ್ ರೈಲು ಅಲ್ಲಿಗೆ ಎರಡೂ ದಿಕ್ಕಿನಿಂದ ದಿನಕ್ಕೊಮ್ಮೆ ಬರುತ್ತದೆ. ಅಷ್ಟರಿಂದ ಪೇಟೆ ನಡೆಯದು. 1997ರಲ್ಲಿ ತೆರೆದ ಅಲ್ಲಿನ ಯೂನಿಯನ್ ಸ್ಟೇಷನ್ ರೈಲು, ದೂರದೂರಿನ ಬಸ್ಸು, ಊರ ಬಸ್ಸು ಮೂರನ್ನೂ ಒಂದೆಡೆ ತಂದಿತು. ಆಗ ಮೇಯರ್ ಆಗಿದ್ದ ಜಾನ್ ರಾಬರ್ಟ್ ಸ್ಮಿತ್ ಮುಂದೆ ಅಮೆರಿಕದ ರಾಷ್ಟ್ರೀಯ ಪ್ರಯಾಣಿಕ ರೈಲು ಸಂಸ್ಥೆಯಾದ ಆಮ್‌ಟ್ರಾಕ್ ಮಂಡಳಿಯ ಅಧ್ಯಕ್ಷರೂ ಆದರು.

ಪಾರ್ಕಿಂಗ್ ಬಗ್ಗೆ ನಗರ ಯೋಜನೆಯ ಪ್ರಾಧ್ಯಾಪಕರಾಗಿದ್ದ ಡೊನಾಲ್ಡ್ ಶೂಪ್ ಕೊಟ್ಟ ಅಳತೆಯನ್ನೇ ಹಿಡಿಯಿರಿ: ಬೀದಿಬದಿಯ ಜಾಗಗಳಲ್ಲಿ ಸುಮಾರು 85% ತುಂಬಿರುವಂತೆ ದರ ಇಡಬೇಕು, ಯಾವಾಗಲೂ ಒಂದೆರಡು ಖಾಲಿಯಿರಬೇಕು. ಅಂಗಡಿಯ ಮುಂದಿನ ಜಾಗ ಹಿಡಿಯುವವರಲ್ಲಿ ಅಂಗಡಿಯ ನೌಕರರೂ, ಬೆಳಗ್ಗೆ ಕಾರು ಬಿಟ್ಟು ರೈಲು ಹತ್ತಿದವರೂ ಸೇರಿರುತ್ತಾರೆ. ಅವರಿಗೆ ಹಿಂದಿನ ಬೀದಿಯಲ್ಲಿ ಜಾಗ ತೋರಿಸಿ. ಕ್ಯಾಲಿಫೋರ್ನಿಯಾದ ಓಲ್ಡ್ ಪ್ಯಾಸಡೀನಾ ಪೇಟೆಯಲ್ಲಿ 1993ರಲ್ಲಿ ಪಾರ್ಕಿಂಗ್ ಮೀಟರ್ ಹಾಕಿದಾಗ ವ್ಯಾಪಾರಿಗಳು ಒಪ್ಪಿದ್ದು ಆ ಹಣ ಅದೇ ಬೀದಿಯ ಫುಟ್‌ಪಾತಿಗೆ, ದೀಪಕ್ಕೆ ಹೋಗುತ್ತದೆಂಬ ಮಾತಿನ ಮೇಲೆ.

ಹಳಿಯ ಪಕ್ಕ ಮನೆ ಕಟ್ಟಿಸುವವರು ಹಾರನ್ನಿನ ಲೆಕ್ಕ ಮೊದಲೇ ಹಾಕಬೇಕು. ಅಮೆರಿಕದ ನಿಯಮದಂತೆ ಲೆವೆಲ್ ಕ್ರಾಸಿಂಗಿಗೆ 15ರಿಂದ 20 ಸೆಕೆಂಡು ಮೊದಲು ಎರಡು ಉದ್ದ, ಒಂದು ಗಿಡ್ಡ, ಮತ್ತೊಂದು ಉದ್ದ ಹಾರನ್ ಆಗಬೇಕು. ಶಬ್ದ 96ರಿಂದ 110 ಡೆಸಿಬೆಲ್. 2005ರಿಂದ ಜಾರಿಯಲ್ಲಿರುವ ನಿಯಮದಡಿ ನಿಶ್ಶಬ್ದ ವಲಯ ಮಾಡಿಕೊಳ್ಳಬಹುದು. ಅದು ಕನಿಷ್ಠ ಅರ್ಧ ಮೈಲಿ ಉದ್ದವಿರಬೇಕು, ಮುಂದಾಗಬೇಕಾದದ್ದು ಸ್ಥಳೀಯ ಆಡಳಿತವೇ ಹೊರತು ರೈಲು ಕಂಪನಿಯಲ್ಲ. ಹಾರನ್ ನಿಲ್ಲಿಸಿದ ಮೇಲೂ ಸುರಕ್ಷತೆ ಇರಬೇಕಲ್ಲ, ಅದಕ್ಕೆ ವಾಹನಗಳು ಗೇಟು ಸುತ್ತಿ ನುಗ್ಗದಂತೆ ರಸ್ತೆಯ ನಡುವೆ 100 ಅಡಿಯ ವಿಭಜಕ ಹಾಕುವುದು ಅಗ್ಗದ ಉಪಾಯ. ಹತ್ತಿರದಲ್ಲಿ ಅಡ್ಡರಸ್ತೆಯಿದ್ದರೆ 60 ಅಡಿಗೆ ಇಳಿಸಬಹುದು. ಆದರೆ ಆ 60 ಅಡಿಯೊಳಗೆ ಅಡ್ಡರಸ್ತೆಯಾಗಲಿ ಅಂಗಡಿಗೆ ವಾಹನ ಹೋಗುವ ದಾರಿಯಾಗಲಿ ಇರಕೂಡದು. ಇದ್ದರೆ ಮುಚ್ಚಬೇಕು, ಇಲ್ಲವೇ ಜಾಗ ಬದಲಿಸಬೇಕು. ನಿಲ್ದಾಣದ ಪಕ್ಕದ ಅಂಗಡಿಯವರಿಗೆ ಈ ಸುದ್ದಿ ತಲುಪುವುದು ಸಾಮಾನ್ಯವಾಗಿ ನಕ್ಷೆ ಅಂತಿಮವಾದ ಮೇಲೆ. ಗೇಟಿನಿಂದ 60 ಅಡಿ ಟೇಪು ಹಿಡಿದು ಅಳೆದು, ಯಾರ ಬಾಗಿಲು ಅದರೊಳಗೆ ಬರುತ್ತದೆಂದು ನೋಡಿ, ಅವರ ಜೊತೆ ಕೂತು ಸರಕು ಇಳಿಸಲು ಹಿಂದಿನ ಓಣಿಯಿಂದ ದಾರಿ ಗೊತ್ತುಮಾಡಿದ ಮೇಲೆಯೇ ರೈಲು ಕಂಪನಿಗೆ ಮತ್ತು ರಾಜ್ಯಕ್ಕೆ ನೋಟಿಸು ಕಳಿಸಿ. ಅವರ ಅಭಿಪ್ರಾಯಕ್ಕೆಂದು ಇರುವ 60 ದಿನಗಳ ಗಡುವು ಆಮೇಲೆ ಶುರುವಾಗಲಿ.