ಉರ್ದು ಭಾಷಿಕರಿಗಾಗಿ ಇಂಗ್ಲಿಷ್ ವ್ಯಾಕರಣ ಅಭ್ಯಾಸದ ಆ್ಯಪ್: ಎರಡು ವರ್ಷ ಬಳಸಿದ ಮೇಲೆ

ಮನೆಯಲ್ಲಿ ಉರ್ದು ಮಾತನಾಡುವ ವಯಸ್ಕರಿಗೆ ಇಂಗ್ಲಿಷ್ ವ್ಯಾಕರಣದ ಮೊದಲ ಪಾಠಗಳನ್ನು ಅಭ್ಯಾಸ ಮಾಡಿಸಲು ನಾನು ಈ ಆ್ಯಪನ್ನು ಎರಡು ವರ್ಷಗಳಿಂದ ಬಳಸುತ್ತಿದ್ದೇನೆ. ಇದರ ಸೂಚನೆ, ವಿವರಣೆ, ತಪ್ಪುಗಳ ತಿದ್ದುಪಡಿ ಎಲ್ಲವೂ ಉರ್ದುವಿನಲ್ಲಿವೆ. ಅಭ್ಯಾಸದ ವಾಕ್ಯಗಳು ಮಾತ್ರ ಇಂಗ್ಲಿಷಿನವು. ಒಟ್ಟು ಆರು ಮಂದಿ ಕಲಿಯುವವರ ಜೊತೆ ಕುಳಿತು ಎಲ್ಲ ಪಾಠಗಳನ್ನು ಒಮ್ಮೆಯೂ ಕ್ರಿಯಾಪದದ ಕಾಲಗಳ ಪಾಠಗಳನ್ನು ಮೂರು ಬಾರಿಯೂ ಮುಗಿಸಿದ ಅನುಭವದ ಮೇಲೆ ಈ ಮಾತುಗಳನ್ನು ಬರೆಯುತ್ತಿದ್ದೇನೆ.

ಇದರ ದೊಡ್ಡ ಗುಣವೆಂದರೆ, ಉರ್ದು ಭಾಷಿಕರು ಎಲ್ಲಿ ಎಡವುತ್ತಾರೆ, ಏಕೆ ಎಡವುತ್ತಾರೆ ಎಂಬುದನ್ನು ಬಲ್ಲವರು ಇದನ್ನು ರೂಪಿಸಿದ್ದಾರೆ. ಉರ್ದು ಶಾಲೆಯಲ್ಲಿ ಓದಿದವರಿಗೆ ನಾಮಪದ ಇಸ್ಮ್ ಎಂದೂ, ಕ್ರಿಯಾಪದ ಫೇಲ್ ಎಂದೂ, ಸರ್ವನಾಮ ಜಮೀರ್ ಎಂದೂ ಮೊದಲೇ ಪರಿಚಿತ. ಆ ಹೆಸರುಗಳನ್ನೇ ಹಿಡಿದು ಪಾಠ ಮುಂದೆ ಸಾಗುವುದರಿಂದ ಕಲಿಯುವವರು ಹೊಸ ಪರಿಭಾಷೆಯ ಭಾರವಿಲ್ಲದೆ ನೇರವಾಗಿ ವಾಕ್ಯಕ್ಕೆ ಬರುತ್ತಾರೆ. ಪ್ರಿಪೊಸಿಷನ್ನುಗಳ ಪಾಠವಂತೂ ಬಹಳ ಚೆನ್ನಾಗಿದೆ. ಉರ್ದುವಿನ 'ಸೇ' ಎಂಬ ಒಂದೇ ಪದ 'ಘರ್ ಸೇ' (ಮನೆಯಿಂದ) ಎಂದಾಗ ಫ್ರಮ್ ಆಗುತ್ತದೆ, 'ಚಾಕೂ ಸೇ' (ಚಾಕುವಿನಿಂದ) ಎಂದಾಗ ವಿತ್, 'ಬಸ್ ಸೇ' (ಬಸ್ಸಿನಲ್ಲಿ) ಎಂದಾಗ ಬೈ, 'ಮುಝ್ ಸೇ ಬಡಾ' (ನನಗಿಂತ ದೊಡ್ಡವನು) ಎಂದಾಗ ದ್ಯಾನ್, 'ಮುಝ್ ಸೇ ಕಹಾ' (ನನಗೆ ಹೇಳಿದ) ಎಂದಾಗ ಟು. ಇವನ್ನೆಲ್ಲ ಒಂದೇ ಅಭ್ಯಾಸದಲ್ಲಿ ಬೆರೆಸಿ ಕೊಟ್ಟಿರುವುದರಿಂದ, ಪದಕ್ಕೆ ಪದ ಹುಡುಕುವ ಅಭ್ಯಾಸ ಬಿಟ್ಟು ಅರ್ಥವನ್ನು ನೋಡಲೇಬೇಕಾಗುತ್ತದೆ.

ಪ್ರಶ್ನಾವಾಕ್ಯಗಳ ವಿಷಯದಲ್ಲೂ ಇದೇ ಎಚ್ಚರ ಕಾಣುತ್ತದೆ. ಉರ್ದುವಿನಲ್ಲಿ 'ಕ್ಯಾ' ಎಂಬುದು 'ಏನು' ಎಂಬ ಅರ್ಥವನ್ನೂ ಕೊಡುತ್ತದೆ, ಹೌದು ಅಥವಾ ಅಲ್ಲ ಎಂಬ ಉತ್ತರ ಬಯಸುವ ಪ್ರಶ್ನೆಯ ಮೊದಲಿಗೂ ಬರುತ್ತದೆ. ಕನ್ನಡದಲ್ಲಿ 'ಅವನು ಏನು ತರುತ್ತಾನೆ' ಎಂಬುದಕ್ಕೂ 'ಅವನು ತರುತ್ತಾನೆಯೇ' ಎಂಬುದಕ್ಕೂ ರೂಪದಲ್ಲೇ ವ್ಯತ್ಯಾಸವಿರುವುದರಿಂದ ಈ ತೊಡಕು ನಮಗೆ ತಟ್ಟನೆ ಹೊಳೆಯುವುದಿಲ್ಲ. 'ಕ್ಯಾ ವೋ ರೋಜ್ ಆತಾ ಹೈ' (ಅವನು ದಿನವೂ ಬರುತ್ತಾನೆಯೇ) ಎಂಬುದನ್ನು ನನ್ನ ಬಳಿ ಕಲಿಯುವವರಲ್ಲಿ ನಾಲ್ವರು ಮೊದಲು 'ವಾಟ್ ಹೀ ಕಮ್ಸ್ ಡೈಲಿ' ಎಂದೇ ಬರೆದರು. ಆ್ಯಪ್ ಎರಡು 'ಕ್ಯಾ'ಗಳನ್ನು ಬೇರ್ಪಡಿಸಿ, ಒಂದನ್ನು ವಾಟ್ ಜೊತೆಗೂ ಇನ್ನೊಂದನ್ನು ಡೂ, ಡಸ್, ಡಿಡ್ ಜೊತೆಗೂ ಕಟ್ಟಿಹಾಕಿದ ಮೇಲೆ ಆ ತಪ್ಪು ಎರಡು ವಾರಗಳಲ್ಲಿ ಮಾಯವಾಯಿತು.

ಕಾಲಗಳ ಪಾಠದ ಬಗ್ಗೆ ನನ್ನ ಅಭಿಪ್ರಾಯ ಇಷ್ಟು ಸರಳವಾಗಿಲ್ಲ. ಉರ್ದು ಭಾಷಿಕರಿಗೆ ಇಂಗ್ಲಿಷ್ ಕಲಿಸುವಲ್ಲಿ ಬಹುಕಾಲದಿಂದ ಬಳಕೆಯಲ್ಲಿರುವ ಒಂದು ಉಪಾಯವನ್ನೇ ಇಲ್ಲಿಯೂ ಅನುಸರಿಸಿದ್ದಾರೆ: ವಾಕ್ಯದ ಕೊನೆಯಲ್ಲಿ 'ತಾ ಹೈ, ತೀ ಹೈ' ಬಂದರೆ ಸಾಮಾನ್ಯ ವರ್ತಮಾನ, 'ರಹಾ ಹೈ' ಬಂದರೆ ಐಎನ್‌ಜಿ ರೂಪ, 'ಚುಕಾ ಹೈ' ಬಂದರೆ ಹ್ಯಾಸ್ ಜೊತೆಗಿನ ಮೂರನೆಯ ರೂಪ. ಮೊದಲ ಎರಡು ಮೂರು ತಿಂಗಳು ಇದರಷ್ಟು ಬೇಗ ಫಲ ಕೊಡುವ ದಾರಿ ಬೇರೊಂದಿಲ್ಲ. ಒಂದೂ ವಾಕ್ಯ ಬರೆಯಲಾರದವರು ಹತ್ತು ವಾಕ್ಯ ಸರಿಯಾಗಿ ಬರೆದಾಗ ಅವರ ಮುಖದಲ್ಲಿ ಮೂಡುವ ಧೈರ್ಯವನ್ನು ನಾನು ಕಣ್ಣಾರೆ ಕಂಡಿದ್ದೇನೆ. ಆದರೆ ನಾಲ್ಕನೆಯ ತಿಂಗಳಿಂದ ಅದೇ ಉಪಾಯ ಕಾಲಿಗೆ ತೊಡರತೊಡಗುತ್ತದೆ. 'ವೋ ಬೈಠಾ ಹೈ' ಎಂಬಲ್ಲಿ 'ರಹಾ' ಇಲ್ಲ, ಆದರೂ ಇಂಗ್ಲಿಷಿನಲ್ಲಿ 'ಹೀ ಈಸ್ ಸಿಟ್ಟಿಂಗ್' ಎನ್ನಬೇಕು. 'ಮೈ ಸಮಝ್ ರಹಾ ಹೂಂ' ಎಂಬಲ್ಲಿ 'ರಹಾ' ಇದೆ, ಆದರೆ 'ಐ ಅಂಡರ್‌ಸ್ಟ್ಯಾಂಡ್' ಎಂದರಷ್ಟೇ ಸಾಕು. ಎಲ್ಲಕ್ಕಿಂತ ಹೆಚ್ಚು ಕಾಡುವುದು 'ದೋ ಸಾಲ್ ಸೇ ಯಹಾಂ ರಹ್ ರಹಾ ಹೂಂ' ಎಂಬಂಥ ವಾಕ್ಯ. ಕನ್ನಡದ 'ಎರಡು ವರ್ಷದಿಂದ ಇಲ್ಲಿದ್ದೇನೆ' ಎಂಬುದರಂತೆ ಉರ್ದುವಿನಲ್ಲೂ ಇದು ವರ್ತಮಾನವೇ. ಇಂಗ್ಲಿಷ್ ಮಾತ್ರ 'ಹ್ಯಾವ್ ಬೀನ್ ಲಿವಿಂಗ್' ಎಂದೂ, ಅವಧಿಗೆ ಸಿನ್ಸ್ ಬಿಟ್ಟು ಫಾರ್ ಎಂದೂ ಕೇಳುತ್ತದೆ. ಈ ರಚನೆಯ ಪಾಠ ಆ್ಯಪಿನಲ್ಲಿ ಇದೆ, ಆದರೆ ಬಹಳ ತಡವಾಗಿ ಬರುತ್ತದೆ. ಅಷ್ಟರಲ್ಲಿ 'ಐ ಆ್ಯಮ್ ಲಿವಿಂಗ್ ಹಿಯರ್ ಸಿನ್ಸ್ ಟೂ ಇಯರ್ಸ್' ಎಂಬುದು ನಾಲಿಗೆಯಲ್ಲಿ ಗಟ್ಟಿಯಾಗಿ ಕುಳಿತಿರುತ್ತದೆ. ಮೂರನೆಯ ಸುತ್ತಿನಲ್ಲಿ ನಾನು ಪಾಠಗಳ ಕ್ರಮವನ್ನೇ ಬದಲಿಸಿ, 'ರಹಾ ಹೈ' ಪಾಠ ಮುಗಿದ ಮರುದಿನವೇ ಇದನ್ನು ಮಾಡಿಸಿದೆ. ತಪ್ಪುಗಳು ಕಣ್ಣಿಗೆ ಕಾಣುವಷ್ಟು ಕಡಿಮೆಯಾದವು.

ಕ್ರಿಯಾಪದ ಯಾರನ್ನು ಅನುಸರಿಸಬೇಕು ಎಂಬುದಕ್ಕೆ ಇನ್ನಷ್ಟು ಅಭ್ಯಾಸ ಬೇಕಿತ್ತು. 'ಲಡಕೇ ನೇ ರೋಟೀ ಖಾಯೀ' ಎಂಬಲ್ಲಿ ತಿಂದವನು ಹುಡುಗನಾದರೂ ಕ್ರಿಯಾಪದ ರೊಟ್ಟಿಯ ಸ್ತ್ರೀಲಿಂಗವನ್ನು ಹಿಡಿಯುತ್ತದೆ. ಇಂಗ್ಲಿಷಿನ ಏಟ್ ಯಾವುದಕ್ಕೂ ಬದಲಾಗುವುದಿಲ್ಲ ಎಂದು ತಿಳಿದಾಗ ಎಲ್ಲರಿಗೂ ಸಮಾಧಾನವಾಗುತ್ತದೆ. ಆದರೆ ಗೌರವಕ್ಕೆ ಬಹುವಚನ ಬಳಸುವ ರೂಢಿಯಿಂದ 'ಮೈ ಫಾದರ್ ಆರ್ ಕಮಿಂಗ್' ಎಂಬ ತಪ್ಪು ಹುಟ್ಟುತ್ತದೆ, ಅದನ್ನು ಆ್ಯಪ್ ಎಲ್ಲಿಯೂ ಪ್ರಸ್ತಾಪಿಸುವುದಿಲ್ಲ. ಎ, ಆ್ಯನ್, ದ ಎಂಬ ಆರ್ಟಿಕಲ್‌ಗಳಿಗೂ ಇರುವುದು ಒಂದೇ ಪಾಠ; ಆರ್ಟಿಕಲ್ಲೇ ಇಲ್ಲದ ಭಾಷೆಯಿಂದ ಬಂದವರಿಗೆ ಅದು ಏನೇನೂ ಸಾಲದು.

ತಾಂತ್ರಿಕವಾಗಿ ಒಂದು ದೋಷ ಎರಡು ವರ್ಷಗಳಾದರೂ ಹಾಗೆಯೇ ಉಳಿದಿದೆ. ಉರ್ದು ಬಲದಿಂದ ಎಡಕ್ಕೆ, ಇಂಗ್ಲಿಷ್ ಎಡದಿಂದ ಬಲಕ್ಕೆ ಸಾಗುವ ಭಾಷೆಗಳಾದುದರಿಂದ, ಎರಡೂ ಒಂದೇ ಸಾಲಿನಲ್ಲಿ ಬಂದಾಗ ಬಿಟ್ಟ ಸ್ಥಳದ ಗೆರೆಯೂ ಪೂರ್ಣವಿರಾಮವೂ ತಪ್ಪು ತುದಿಗೆ ಹಾರಿಬಿಡುತ್ತವೆ. ವಾಕ್ಯದ ಮೊದಲಿಗೆ ತುಂಬಬೇಕಾದ ಡಸ್ ಎಂಬುದರ ಜಾಗ ಕೊನೆಯಲ್ಲಿ ಕಾಣಿಸಿದರೆ, ಪದಕ್ರಮವನ್ನೇ ಕಲಿಯುತ್ತಿರುವವರಿಗೆ ಅದು ಸಣ್ಣ ತೊಂದರೆಯಲ್ಲ. ಎರಡು ಬಾರಿ ಬರೆದು ತಿಳಿಸಿದ್ದೇನೆ, ದೋಷವಿನ್ನೂ ಸರಿಯಾಗಿಲ್ಲ. ಅಂಥ ಪ್ರಶ್ನೆಗಳನ್ನು ಕಾಗದದ ಮೇಲೆ ಬರೆದುಕೊಟ್ಟು ಮಾಡಿಸುತ್ತೇನೆ.

ಚಂದಾವನ್ನು ಮೂರನೆಯ ವರ್ಷಕ್ಕೂ ನವೀಕರಿಸಿದ್ದೇನೆ. ಆದರೆ ಉರ್ದು ಮಾತನಾಡುವವರೆಲ್ಲ ಉರ್ದು ಲಿಪಿ ಓದಬಲ್ಲವರಲ್ಲ ಎಂಬುದನ್ನು ಕೊಳ್ಳುವವರು ಗಮನಿಸಬೇಕು. ವಿವರಣೆಗಳಿಗೆ ಧ್ವನಿಯ ಸೌಲಭ್ಯ ಇಲ್ಲಿಲ್ಲ. ನನ್ನ ಆರು ಮಂದಿಯಲ್ಲಿ ಇಬ್ಬರಿಗೆ ಆ ಲಿಪಿ ಬರುವುದಿಲ್ಲ. ಅವರಿಗೆ ಇಂದಿಗೂ ಪ್ರತಿಯೊಂದು ವಿವರಣೆಯನ್ನು ನಾನೇ ಓದಿ ಹೇಳುತ್ತಿದ್ದೇನೆ.