ಜೋ ಪಿಕೆಟ್ ಮೊದಲೋ, ಮೈಕ್ ಬೌಡಿಚ್ ಮೊದಲೋ?
ಕಳ್ಳಬೇಟೆ ತಡೆಯುವ ವಾರ್ಡನ್ನೇ ಕೊಲೆಗಳ ಜಾಡು ಹಿಡಿಯುವ ಎರಡು ಅಮೆರಿಕನ್ ಕಾದಂಬರಿ ಸರಣಿಗಳಿವು.

ಸಿ. ಜೆ. ಬಾಕ್ಸ್ ಅವರ ಪಿಕೆಟ್ ವಯೋಮಿಂಗ್ ರಾಜ್ಯದವನು. ಪರವಾನಗಿಯಿಲ್ಲದೆ ಮೀನು ಹಿಡಿಯುತ್ತಿದ್ದ ಗವರ್ನರ್‌ಗೇ ದಂಡದ ಚೀಟಿ ಹರಿದುಕೊಟ್ಟ ಆಸಾಮಿ. ಪಿಸ್ತೂಲು ಹಿಡಿದರೆ ಮಾತ್ರ ಗುರಿ ತಪ್ಪುತ್ತದೆ. 2001ರ ‘ಓಪನ್ ಸೀಸನ್’ನಲ್ಲಿ ಕಳ್ಳಬೇಟೆಗಾರನೊಬ್ಬ ಅವನ ಬಂದೂಕನ್ನೇ ಕಿತ್ತುಕೊಳ್ಳುತ್ತಾನೆ! ಹೆಂಡತಿ ಮೇರಿಬೆತ್ ಅವನಿಗಿಂತ ಚುರುಕು (ನನಗೆ ಅವಳೇ ಇಷ್ಟ). ಹೆಣ್ಣುಮಕ್ಕಳು ಪುಸ್ತಕದಿಂದ ಪುಸ್ತಕಕ್ಕೆ ಬೆಳೆಯುತ್ತಾರೆ, ಹಾಗಾಗಿ ಕ್ರಮ ತಪ್ಪಿಸಬೇಡಿ. ಇಪ್ಪತ್ತಕ್ಕೂ ಹೆಚ್ಚು ಪುಸ್ತಕಗಳಿವೆ, ಪುರುಸೊತ್ತು ಬೇಕು.

ಪಾಲ್ ಡೊಯ್ರನ್ ಅವರ ಬೌಡಿಚ್ ಮೇಯ್ನ್ ರಾಜ್ಯದ ಒಂಟಿ ಹುಡುಗ. 2010ರ ಮೊದಲ ಕಾದಂಬರಿಯಲ್ಲೇ ಕಳ್ಳಬೇಟೆಗಾರ ಅಪ್ಪನ ಮೇಲೆ ಕೊಲೆಯ ಆರೋಪ. ತನ್ನ ಕಥೆ ತಾನೇ ಹೇಳುತ್ತಾನೆ, ದುಡುಕುತ್ತಾನೆ.

ಸಂಸಾರದ ಬಿಸಿ ಬೇಕಿದ್ದರೆ ಪಿಕೆಟ್. ಒಳಗುದಿ ಬೇಕಿದ್ದರೆ ಬೌಡಿಚ್. ನಾನಾದರೆ ಪಿಕೆಟ್‌ನಿಂದ ಶುರುಮಾಡುತ್ತೇನೆ.